ಲೆಚ್ಚುಮಿಯ ಒಲೆ ಮತ್ತು ನಾನೆಳೆದ ಕೆಂಪು ಗೆರೆ

2023 ನನ್ನ ನೌಕರಿಯ ಕೊನೆಯ ಪೂರ್ಣ ವರ್ಷ. ಮಲೇಷ್ಯಾದ ತಾಳೆ ಎಣ್ಣೆ ಗಿರಣಿಗಳ ಬಾಯ್ಲರ್‌ಗಳನ್ನು ತಪಾಸಣೆ ಮಾಡುವ ಒಂದು ಖಾಸಗಿ ಸಂಸ್ಥೆಯಲ್ಲಿ ಆಗ ನಾನು ಸೀನಿಯರ್ ಇಂಜಿನಿಯರ್. ಮನೆ ನಿಲಾಯ್‌ನಲ್ಲಿತ್ತು, ಆದರೆ ವಾರದಲ್ಲಿ ನಾಲ್ಕು ದಿನ ಯಾವುದಾದರೂ ಗಿರಣಿಯ ಬೂದಿಯಲ್ಲೇ ನನ್ನ ವಾಸ. ಬಾಯ್ಲರ್ ಎಂದರೆ ನೀರನ್ನು ಹಬೆ ಮಾಡುವ ದೊಡ್ಡ ಹಂಡೆ. ತಾಳೆ ಹಣ್ಣಿನ ನಾರು, ಚಿಪ್ಪು ಅದರ ಸೌದೆ. ಕುಲುಮೆಯೊಳಗೆ ಸಾವಿರ ಡಿಗ್ರಿಯ ಆಸುಪಾಸು ಉರಿ. ಇಪ್ಪತ್ತಾರು ವರ್ಷ ಅದರ ಮುಂದೆ ನಿಂತವಳು ನಾನು. ಅಂಥ ನನಗೆ ಮಣ್ಣು ಮುಕ್ಕಿಸಿದ್ದು ಮೊಣಕಾಲೆತ್ತರದ ಒಂದು ಮನೆ ಒಲೆ.

ಮಲೇಷ್ಯಾದಲ್ಲಿ ಸೌದೆ ಒಲೆ ಏಕೆ ಎಂದು ನೀವು ಕೇಳಬಹುದು. ಕ್ಯಾಮರನ್ ಬೆಟ್ಟದ ಮೇಲೆ ಬೆಳಗ್ಗೆ ಹದಿನೈದು, ಹದಿನಾರು ಡಿಗ್ರಿಗೆ ಇಳಿಯುತ್ತದೆ. ಅಲ್ಲಿ ಐವನ್ ಮತ್ತು ಶಾಂತಿ ಎಂಬ ದಂಪತಿಗೆ ಒಂದು ಹಳೆಯ ಮನೆ ಇದೆ. ಐವನ್ ನಮ್ಮ ಕಿನ್ನಿಗೋಳಿ ಕಡೆಯ ಹುಡುಗ, ಸೈಬರ್‌ಜಯಾದ ಡೇಟಾ ಸೆಂಟರ್ ಒಂದರಲ್ಲಿ ಮ್ಯಾನೇಜರ್. ಶಾಂತಿ ಧಾರವಾಡದವಳು, ಆದ್ದರಿಂದ ಅವರ ಮನೆಯ ಮಾತು ಕೊಂಕಣಿಯಲ್ಲ, ಕನ್ನಡ. ಒಂಬತ್ತು ವರ್ಷದ ಮಗಳು ರಿಯಾ ಎರಡನ್ನೂ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ವಾರವೆಲ್ಲ ರಾಜಧಾನಿಯ ಬಾಂಗ್ಸಾರ್ ಬಡಾವಣೆಯಲ್ಲಿದ್ದು, ರಜೆ ಸಿಕ್ಕಾಗ ಅವರು ಬೆಟ್ಟ ಹತ್ತುತ್ತಿದ್ದರು. ಆ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಲೆಚ್ಚುಮಿ. ಅಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ವಯಸ್ಸು ಐವತ್ತರ ಹತ್ತಿರ, ಗಂಡ ತೀರಿಕೊಂಡಿದ್ದ. ಹಿಂದಿನ ಮಾಲೀಕರ ಕಾಲದಿಂದ, ಹನ್ನೊಂದು ವರ್ಷ, ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ಇದ್ದವಳು.

ಆ ವರ್ಷದ ಮಾರ್ಚ್‌ನಲ್ಲಿ ನನ್ನನ್ನು ಊಟಕ್ಕೆ ಕರೆದರು. ಹಾಲ್‌ನಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಕಬ್ಬಿಣದ ಒಲೆ ಇತ್ತು. ಮುಂದೆ ಗಾಜಿನ ಬಾಗಿಲು, ಅದರ ಕೆಳಗೆ ಗಾಳಿ ಬಿಡುವ ಕಿಂಡಿ, ಮೇಲೆ ಚಾವಣಿ ದಾಟಿ ಹೋಗುವ ಆರು ಇಂಚಿನ ಹೊಗೆ ಕೊಳವೆ. ಐವನ್ ಆಗಷ್ಟೇ ಅದನ್ನು ಮತ್ತೆ ಬಳಕೆಗೆ ತಂದಿದ್ದ. ತಾವು ಇಲ್ಲದ ದಿನಗಳಲ್ಲೂ ಮನೆ ತೇವ ಹಿಡಿಯದಂತೆ ಉರಿಸಬೇಕೆಂದು ಅವನ ಆಸೆ.

"ಆಂಟಿ, ನೀವು ಬಾಯ್ಲರಿನವರಲ್ವಾ, ಇದನ್ನು ಹೇಗೆ ಉರಿಸುವುದು ಅಂತ ಲೆಚ್ಚುಮಿಗೆ ಸ್ವಲ್ಪ ಹೇಳಿಕೊಡಿ," ಎಂದ.

ಹೊಟ್ಟೆ ತುಂಬಿದ್ದಾಗ ಸಲಹೆ ಕೇಳಿದರೆ ಯಾವ ಇಂಜಿನಿಯರ್ ಇಲ್ಲ ಎನ್ನುತ್ತಾನೆ? ನಾನು ಎರಡು ಪಾಠ ಹೇಳಿದೆ. ಒಂದು ಗಿರಣಿಯದ್ದು. ಚಿಮಣಿ ಬಿಸಿಯಾದಷ್ಟೂ ಬಿಸಿ ಆಕಾಶಕ್ಕೆ ವ್ಯರ್ಥ, ಆದ್ದರಿಂದ ಕೊಳವೆಯನ್ನು ಆದಷ್ಟು ತಣ್ಣಗಿಡು. ಇನ್ನೊಂದು ನನ್ನ ಅಮ್ಮನದ್ದು. ನಮ್ಮ ಕಡೆ ಅಡುಗೆಮನೆಯ ಒಲೆ ಪೂರ್ತಿ ಆರುವಂತಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮುಚ್ಚಿಟ್ಟರೆ ಬೆಳಗ್ಗೆ ಒಂದು ಊದಿಗೆ ಬೆಂಕಿ ತಯಾರು. ನೆರೆಮನೆಗೆ ಕೆಂಡ ಕೇಳಲು ಹೋಗುವವಳು ಅಮ್ಮನ ಲೆಕ್ಕದಲ್ಲಿ ಶುದ್ಧ ಸೋಮಾರಿ. ಮೀನಿನ ಸಾರು ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಯಲ್ಲೇ ಕುದಿಯಬೇಕು. ಹೀಗೆ ಸಣ್ಣ ಉರಿ ಎಂದರೆ ಜಾಣತನ, ದೊಡ್ಡ ಉರಿ ಎಂದರೆ ದುಂದು ಎಂಬುದು ನನ್ನ ರಕ್ತದಲ್ಲೇ ಇತ್ತು.

ಐವನ್ ಕೊಳವೆಗೆ ಅಂಟಿಸುವ ಆಯಸ್ಕಾಂತದ ಥರ್ಮಾಮೀಟರ್ ತರಿಸಿದ್ದ. ಬರೀ ಅಂಕಿಗಳಿದ್ದವು, ಬಣ್ಣದ ಪಟ್ಟಿ ಇರಲಿಲ್ಲ. ನಾನು ಶಾಂತಿಯ ಕೆಂಪು ನೇಲ್ ಪಾಲಿಶ್ ಕೇಳಿ ತೆಗೆದುಕೊಂಡು 120 ಡಿಗ್ರಿಯ ಮೇಲೆ ಒಂದು ಗೆರೆ ಎಳೆದೆ. "ಮುಳ್ಳು ಈ ಗೆರೆ ದಾಟಬಾರದು. ರಾತ್ರಿ ಎರಡು ದಪ್ಪ ಕೊರಡು ಹಾಕಿ ಕಿಂಡಿ ಮುಚ್ಚಿಬಿಡು, ಬೆಳಗಿನವರೆಗೆ ಹೊಗೆಯಾಡುತ್ತಾ ಇರುತ್ತದೆ. ದಿನಾ ಸಂಜೆ ಅಂಕಿ ಬರೆದಿಡು," ಎಂದು ಲೆಚ್ಚುಮಿಗೆ ತಮಿಳಿನಲ್ಲಿ ಹೇಳಿದೆ. ಗಿರಣಿಗಳಲ್ಲಿ ಕಲಿತ ನನ್ನ ತಮಿಳಿನಲ್ಲಿ ಅಪ್ಪಣೆಗಳೇ ಹೆಚ್ಚು. ಆಕೆ ತಲೆಯಾಡಿಸಿದಳು.

ನವೆಂಬರ್‌ನ ಒಂದು ಭಾನುವಾರ ಚರ್ಚ್‌ನಿಂದ ಹೊರಗೆ ಬರುತ್ತಿದ್ದಾಗ ಐವನ್ ಫೋನ್ ಮಾಡಿದ.

"ಆಂಟಿ, ಮೇಲಿನ ಮನೆಯ ಚಿಮಣಿಗೆ ಬೆಂಕಿ ಬಿದ್ದಿದೆ. ಶಾಂತಿ, ರಿಯಾ ಅಲ್ಲೇ ಇದ್ರು. ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡವನು. ಆದ್ರೆ ಆ ಲೆಚ್ಚುಮಿ ಉಂಟಲ್ಲ, ತರಕಾರಿ ಪೆಟ್ಟಿಗೆಯ ಹಲಗೆ ಎಲ್ಲ ತುಂಬಿಸಿ ಉರಿ ಎಬ್ಬಿಸಿದ್ದಾಳೆ ಮಾರಾಯ್ರೆ. ತಿಂಗಳ ಕೊನೆಗೆ ಹೊರಡು ಅಂತ ಹೇಳಿ ಆಯ್ತು. ನೀವು ಒಮ್ಮೆ ಬಂದು ನೋಡಿ ರಿಪೋರ್ಟ್ ಕೊಡಿ."

"ಆಪರೇಟರ್ ತಪ್ಪೇ ಇರ್ತದೆ ಐವನ್. ಹೆಚ್ಚಾಗಿ ಅದೇ," ಎಂದೆ. ಜಾಗ ನೋಡುವ ಮೊದಲೇ ಹೇಳಿದ ಈ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಬೆಟ್ಟ ಹತ್ತಿದೆ. ಹಾಲ್‌ನ ಸೀಲಿಂಗ್‌ನಲ್ಲಿ ಕೊಳವೆ ಹಾದುಹೋಗುವಲ್ಲಿ ಹಲಗೆ ಎರಡು ಅಡಿ ಅಗಲಕ್ಕೆ ಇದ್ದಿಲಾಗಿತ್ತು. ಬೆಂಕಿ ಆರುವುದು ಇನ್ನು ಹತ್ತು ನಿಮಿಷ ತಡವಾಗಿದ್ದರೆ ಮಾಡು ಉಳಿಯುತ್ತಿರಲಿಲ್ಲ. ನಡೆದದ್ದನ್ನು ಶಾಂತಿ ಹೇಳಿದಳು. ಬೆಳಗ್ಗೆ ಆರೂವರೆಗೆ ಲೆಚ್ಚುಮಿ ಎಂದಿನಂತೆ ಬಂದು, ಕೆಂಡದ ಮೇಲೆ ಪೆಟ್ಟಿಗೆಯ ನಾಲ್ಕು ತೆಳು ಹಲಗೆ ಇಟ್ಟು ಕಿಂಡಿ ತೆರೆದಿದ್ದಾಳೆ. ಉರಿ ಎದ್ದ ಸ್ವಲ್ಪ ಹೊತ್ತಿಗೆ ಕೊಳವೆಯೊಳಗೆ ಘಾಟಿ ಏರುವ ಲಾರಿಯಂಥ ಗರ್ಜನೆ. ಕೊಳವೆ ಕೆಂಪಗಾಗಿದೆ. ಲೆಚ್ಚುಮಿ ತಕ್ಷಣ ಕಿಂಡಿ ಮುಚ್ಚಿ, ತಾಯಿ ಮಗಳನ್ನು ಎಬ್ಬಿಸಿ, ರಿಯಾಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿ, ಬೊಂಬಾಗೆ, ಅಂದರೆ ಇಲ್ಲಿನ ಅಗ್ನಿಶಾಮಕ ದಳಕ್ಕೆ, ಫೋನ್ ಮಾಡಿದ್ದಾಳೆ.

"ಆಂಟಿ, ನಾವು ಮನಿ ತಗೊಂಡಾಗಿಂದ ಆಕಿ ಒಂದ್ ಕಪ್ ಒಡದಿಲ್ರೀ. ಆಕಿ ಹಿಂಗ್ ಮಾಡ್ಯಾಳಂದ್ರ ನನಗ ನಂಬಿಕಿ ಬರವಲ್ದು," ಎಂದಳು ಶಾಂತಿ. "ಆದ್ರ ಐವನ್ ಕೇಳವಲ್ರು. ಮಗಳು ಒಳಗ ಮಲಗಿದ್ಲಲ್ರೀ, ಅದಕ್ಕ ಹೆದರ್ಯಾರ."

ಲೆಚ್ಚುಮಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಮುಖ ಊದಿತ್ತು. ಕೆಲಸ ಹೋದರೆ ಇನ್ನೊಂದು ಸಿಗಬಹುದಿತ್ತು. ಆದರೆ ಆ ಸಣ್ಣ ಪೇಟೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮನೆಗೆ ಬೆಂಕಿ ಇಟ್ಟವಳು ಎಂಬ ಹೆಸರು ಹೊತ್ತವಳಿಗೆ ಮನೆ ಕೀಲಿ ಕೊಡುವವರು ಯಾರು? ಹನ್ನೊಂದು ವರ್ಷದ ಮನೆಯನ್ನೂ ಒಳ್ಳೆಯ ಹೆಸರನ್ನೂ ಅವಳು ಒಟ್ಟಿಗೇ ಕಳೆದುಕೊಳ್ಳುವುದರಲ್ಲಿದ್ದಳು. ಎರಡೂ ನನ್ನ ರಿಪೋರ್ಟಿನ ಮೇಲೆ ನಿಂತಿದ್ದವು.

ನಾನು ಕೆಲಸ ಶುರು ಮಾಡಿದೆ. ಕೊಳವೆ ಬಿಚ್ಚಿಸಿದೆ. ಒಳಗೆ ಮಸಿ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಮಸಿಯಲ್ಲ, ಗಾಜಿನಂತೆ ಹೊಳೆಯುವ ಕಪ್ಪು ಟಾರು. ಸುಡದೆ ಉಳಿದ ಜಾಗದಲ್ಲಿ ಹನ್ನೆರಡು ಮಿಲಿಮೀಟರ್ ದಪ್ಪ ಇತ್ತು. ಕೊಳವೆಯ ತುದಿಗೆ ಹಾಕಿದ ಟೋಪಿಯ ಜಾಲರಿ ಬಹುಪಾಲು ಮುಚ್ಚಿಹೋಗಿತ್ತು. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಸೌದೆ ಸರಿಯಾಗಿ ಉರಿಯದೆ ಹೊಗೆಯಾಡಿದಾಗ ಅದರ ಎಣ್ಣೆಯಂಶ ಆವಿಯಾಗಿ ಮೇಲೇರುತ್ತದೆ. ಕೊಳವೆ ಬಿಸಿಯಾಗಿದ್ದರೆ ಆ ಆವಿ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ನೀರು ಕೂರುವ ಹಾಗೆ, ಗೋಡೆಗೆ ಕೂರುತ್ತದೆ. ದಿನ ದಿನ ಪದರ ಕಟ್ಟುತ್ತದೆ. ಒಂದು ದಿನ ಕಿಡಿ ತಗುಲಿದರೆ ಕೊಳವೆಯೇ ಕುಲುಮೆ. ಆಗ ಬಿಸಿ ಸಾವಿರ ಡಿಗ್ರಿ ದಾಟಬಹುದು.

ಸೌದೆಯ ರಾಶಿಗೆ ತೇವ ಅಳೆಯುವ ಮೀಟರ್ ಚುಚ್ಚಿದೆ. ರಬ್ಬರ್ ಮರದ ಕೊರಡು, ಕಿತ್ತ ಚಹಾ ಗಿಡದ ಬುಡ, ಎಲ್ಲ ಹೊರಗೇ ಬಿದ್ದಿದ್ದವು. ನೂರಕ್ಕೆ 34 ತೇವ ಬಂತು. ಇಪ್ಪತ್ತಕ್ಕಿಂತ ಕಡಿಮೆ ಇರಬೇಕು. ಹಸಿ ಸೌದೆಯ ಬಿಸಿ ಅದರ ನೀರನ್ನು ಒಣಗಿಸುವುದರಲ್ಲೇ ಹೋಗುತ್ತದೆ, ಹೊಗೆ ಇನ್ನೂ ತಣ್ಣಗಾಗುತ್ತದೆ.

ಹಾಗಾದರೆ ಈ ಒಲೆ ತಿಂಗಳುಗಟ್ಟಲೆ ತಣ್ಣಗೆ ಉರಿದಿದೆ. ಯಾಕೆ? ಬಿಚ್ಚಿಟ್ಟ ಕೊಳವೆಯನ್ನು ತಿರುಗಿಸಿದೆ. ಥರ್ಮಾಮೀಟರ್ ಸುಟ್ಟು ಕಪ್ಪಾಗಿತ್ತು. ಬಟ್ಟೆಯಿಂದ ಉಜ್ಜಿದಾಗ ನೇಲ್ ಪಾಲಿಶ್ ಗುಳ್ಳೆಯೆದ್ದ ಗುರುತು ಕಾಣಿಸಿತು. 120.

ಆ ಕ್ಷಣಕ್ಕೂ ನನ್ನ ತಲೆ ನನ್ನನ್ನೇ ಕಾಪಾಡಲು ನೋಡಿತು. ಲೆಚ್ಚುಮಿ ಒಮ್ಮೊಮ್ಮೆ ಗೆರೆ ದಾಟಿಸಿರಬಹುದು, ಅಂಕಿ ಬರೆದಿಟ್ಟಿರಲಿಕ್ಕಿಲ್ಲ ಎಂದುಕೊಂಡೆ. ಅವಳನ್ನು ಕರೆದು ಕೇಳಿದೆ. ಅವಳು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು. ಅದರೊಳಗೆ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರಿನ ಹಾಳೆಗಳು, ತಿಂಗಳು ತಿಂಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು. ಒಲೆ ಹೊತ್ತಿಸಿದ ಪ್ರತಿ ದಿನದ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಸಮಯ ಮತ್ತು ಅಂಕಿ. 95. 105. 110. 100. 115. ನೂರ ಎಂಬತ್ತಕ್ಕೂ ಹೆಚ್ಚು ಹಾಳೆ ನೋಡಿದೆ. ಒಂದರಲ್ಲೂ 120 ಇರಲಿಲ್ಲ. ನನ್ನ ಗಿರಣಿಗಳಲ್ಲಿ ತರಬೇತಿ ಪಡೆದ ಆಪರೇಟರ್‌ಗಳು ಕೂಡ ಇಷ್ಟು ಚೊಕ್ಕವಾಗಿ ದಾಖಲೆ ಇಟ್ಟಿದ್ದನ್ನು ನಾನು ಕಂಡಿಲ್ಲ.

"ಅಕ್ಕಾ," ಎಂದಳು ಮೆಲ್ಲಗೆ. ಅವಳ ತಮಿಳನ್ನು ಇಲ್ಲಿ ಕನ್ನಡ ಮಾಡಿದ್ದೇನೆ, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ 'ಲಾ' ಮಾತ್ರ ಹಾಗೇ ಬಿಟ್ಟಿದ್ದೇನೆ. "ನಾನು ನಿಮ್ಮನ್ನು ಒಮ್ಮೆ ಕೇಳಿದ್ದೆ ಲಾ. ನಿಮಗೆ ಮರೆತಿರಬೇಕು."

ಅವಳ ಫೋನ್‌ನಲ್ಲಿ ಜೂನ್ ತಿಂಗಳ ವಾಟ್ಸ್ಆ್ಯಪ್ ಇತ್ತು. ಕಪ್ಪಾದ ಗಾಜಿನ ಫೋಟೋ, ಕೆಳಗೆ ಅವಳ ವಾಯ್ಸ್ ಮೆಸೇಜ್: ಗಾಜು ದಿನಾ ಕಪ್ಪಾಗುತ್ತಿದೆ, ರಸ್ತೆ ಟಾರಿನ ವಾಸನೆ ಬರುತ್ತದೆ, ಸ್ವಲ್ಪ ಉರಿ ಜಾಸ್ತಿ ಮಾಡಲಾ ಅಕ್ಕಾ? ಅದರ ಕೆಳಗೆ ನನ್ನ ಉತ್ತರ, ಹನ್ನೊಂದು ಸೆಕೆಂಡಿನದ್ದು. ಹಿನ್ನೆಲೆಯಲ್ಲಿ ಗಿರಣಿಯ ಸದ್ದು, ಅದರ ಮೇಲೆ ನನ್ನ ಗಡಸು ದನಿ: "ಬೇಡ ಬೇಡ. ಗಾಜು ಒರೆಸಿದರೆ ಹೋಗುತ್ತದೆ. ಗೆರೆ ಮಾತ್ರ ದಾಟಬೇಡ."

ಅಪಾಯವನ್ನು ಅವಳ ಮೂಗು ಐದು ತಿಂಗಳ ಮೊದಲೇ ಹಿಡಿದಿತ್ತು. ನನ್ನ ಡಿಗ್ರಿ ಅವಳ ಬಾಯಿ ಮುಚ್ಚಿಸಿತ್ತು. ಕುರ್ಚಿ ಎಳೆದು ಕುಳಿತೆ. ಅಳು ಬಂತು, ತಡೆದುಕೊಳ್ಳಲಿಲ್ಲ.

"ಇದನ್ನು ಐವನ್‌ಗೆ ಯಾಕೆ ತೋರಿಸಲಿಲ್ಲ?" ಎಂದು ಕೇಳಿದೆ.

"ನೀವು ದೊಡ್ಡ ಇಂಜಿನಿಯರ್ ಅಕ್ಕಾ. ನಿಮ್ಮ ಹೆಸರು ಹೇಳಿ ನಾನು ತಪ್ಪಿಸಿಕೊಂಡೆ ಅಂತ ಆಗಬಾರದು. ನೀವೇ ಬಂದು ನೋಡಿದರೆ ನಿಮಗೇ ತಿಳಿಯುತ್ತದೆ ಅಂತ ಕಾದೆ."

ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ನಾನು ಬೇರೆ ರಿಪೋರ್ಟ್ ಬರೆಯುವ ಯೋಚನೆ ಮಾಡಿದ್ದೆ. ತಪ್ಪಿಲ್ಲದ ವಾಕ್ಯಗಳು ಸಲೀಸಾಗಿ ಹೊಳೆದವು. ಹಸಿ ಸೌದೆ, ಸ್ವಚ್ಛ ಮಾಡದ ಕೊಳವೆ, ಪೆಟ್ಟಿಗೆ ಹಲಗೆಯ ಉರಿ. ಒಂದೂ ಸುಳ್ಳಲ್ಲ. ಆದರೆ ಎಲ್ಲ ಸೇರಿದರೆ ಮಂಗ ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದ ಕತೆ. ನಿವೃತ್ತಿಗೆ ಏಳು ತಿಂಗಳಿದ್ದಾಗ ಕೆಟ್ಟ ಹೆಸರು ಬೇಡ ಎಂಬ ಆಸೆ ಎಷ್ಟು ಸಣ್ಣ ಕೆಲಸ ಮಾಡಿಸಬಲ್ಲದು ಎಂದು ಅವತ್ತು ಗೊತ್ತಾಯಿತು.

ಸಂಜೆ ಐವನ್ ಬಂದ. ಜಗಲಿಯಲ್ಲಿ ಕುಳಿತು ಹಾಳೆಗಳನ್ನು ತೋರಿಸಿದೆ, ನನ್ನ ಹನ್ನೊಂದು ಸೆಕೆಂಡನ್ನೂ ಕೇಳಿಸಿದೆ.

ಅವನು ಹಾಳೆಗಳಿಗೆ ಮತ್ತೆ ರಬ್ಬರ್ ಬ್ಯಾಂಡ್ ಹಾಕಿ ಡಬ್ಬಿಯಲ್ಲಿಟ್ಟ. "ಆಂಟಿ, ನಿಮ್ಮ ಹೆಸರು ಎಲ್ಲ ಬೇಡ. ರಿಟೈರ್ ಆಗುವ ಹೊತ್ತಿಗೆ ಎಂತಕ್ಕೆ? 'ಆಪರೇಟಿಂಗ್ ಎರರ್' ಅಂತ ಬರೆದು ಮುಗಿಸುವ," ಎಂದ.

"ಆಪರೇಟ್ ಮಾಡಿದ್ದು ಯಾರು ಅಂತ ಓದಿದವರು ಕೇಳುದಿಲ್ವಾ? ಅವಳ ಹೆಸರೇ ಬರ್ತದೆ. ಅವಳು ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಾಳೆ ಐವನ್. ತಪ್ಪು ನನ್ನದು."

"ಆ ಪೆಟ್ಟಿಗೆ ಹಲಗೆ?"

"ಬೆಳಗ್ಗೆ ಬೆಂಕಿ ಹೊತ್ತಿಸಲಿಕ್ಕೆ ಎಲ್ಲರೂ ಹಾಕುವಷ್ಟೇ ಹಾಕಿದ್ದು. ಕೊಳವೆ ಚೊಕ್ಕ ಇದ್ದಿದ್ರೆ ಏನೂ ಆಗ್ತಿರಲಿಲ್ಲ. ಕಿಂಡಿ ಮುಚ್ಚಿ ಗಾಳಿ ನಿಲ್ಲಿಸಿದ್ದಕ್ಕೇ ನಿನ್ನ ಮಾಡು ಉಳಿದದ್ದು."

ಬಾಗಿಲ ಬಳಿ ನಿಂತಿದ್ದ ರಿಯಾ ಬಾಯಿ ಹಾಕಿದಳು. "ಐ ಟೋಲ್ಡ್ ಯೂ ಪಪ್ಪಾ. ಲೆಚ್ಚುಮಿ ಆಂಟಿ ಕ್ಯಾರೀಡ್ ಮಿ ಫಸ್ಟ್. ಶಿ ಡಿಡಂಟ್ ಈವನ್ ಟೇಕ್ ಹರ್ ಸ್ಲಿಪ್ಪರ್ಸ್, ಲಾ."

ಶಾಂತಿ ಗಂಡನನ್ನೇ ನೋಡುತ್ತಿದ್ದಳು. "ಹೋಗ್ರಿ," ಎಂದಳು, ಅಷ್ಟೇ.

ಐವನ್ ಎದ್ದು ಮನೆಯ ಹಿಂಭಾಗಕ್ಕೆ ನಡೆದ. ಏನು ಮಾತಾಡಿದನೋ ನನಗೆ ಕೇಳಿಸಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದು ಮಾತ್ರ ಕಾಣಿಸಿತು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ಒಳ್ಳೆಯ ಹುಡುಗ, ಹೆದರಿದ ತಂದೆ, ಅಷ್ಟೇ.

ರಿಪೋರ್ಟ್ ನಾಲ್ಕು ಪುಟವಾಯಿತು. ಮೂಲ ಕಾರಣ ಎಂಬಲ್ಲಿ ನನ್ನ ಹೆಸರು, ನಾನು ಗೆರೆ ಎಳೆದ ತಿಂಗಳು, ನನ್ನ ವಾಯ್ಸ್ ಮೆಸೇಜಿನ ಮಾತುಗಳನ್ನು ಬರೆದೆ. ಲೆಚ್ಚುಮಿ ಸೂಚನೆಯನ್ನು ತಪ್ಪದೆ ಪಾಲಿಸಿದ್ದಳು, ಅಪಾಯದ ಚಿಹ್ನೆಯನ್ನು ಮೊದಲೇ ತಿಳಿಸಿದ್ದಳು, ಬೆಂಕಿಯ ಹೊತ್ತಿನಲ್ಲಿ ಸರಿಯಾದ ಕ್ರಮ ಕೈಗೊಂಡು ಇಬ್ಬರನ್ನು ಉಳಿಸಿದಳು ಎಂದು ಸೇರಿಸಿದೆ. ಸಹಿ ಹಾಕಿ, ನಮ್ಮ ಆಫೀಸಿಗೂ ಒಂದು ಪ್ರತಿ ಕಳಿಸಿದೆ. ನನ್ನ ಬಾಸ್ ಓದಿ, "ಮೇಡಂ, ಇದನ್ನು ಹೊಸ ಇಂಜಿನಿಯರ್‌ಗಳಿಗೆ ಓದಿಸ್ತೇನೆ," ಎಂದರು. ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ. ಓದಿಸಿದರಂತೂ ಹೌದು. ಲೆಚ್ಚುಮಿಗಾಗಿ ರಿಪೋರ್ಟನ್ನು ತಮಿಳಿನಲ್ಲಿ ಓದಿ ಹೇಳಿದೆ. ತನ್ನ ಹೆಸರು ಬಂದ ವಾಕ್ಯವನ್ನು ಎರಡನೇ ಸಲ ಓದಿಸಿದಳು.

ಆಮೇಲೆ ಒಲೆಯ ವಿಷಯವನ್ನು ಶುರುವಿನಿಂದ ಕಲಿತೆ. ಗಿರಣಿಯ ಚಿಮಣಿಗೆ ಹೊಗೆ ಎಳೆಯುವ ಫ್ಯಾನ್ ಇದೆ, ವರ್ಷಕ್ಕೊಮ್ಮೆ ಒಳಗೆ ಇಳಿದು ಕೆರೆಯುವ ಜನ ಇದ್ದಾರೆ. ನಾವು ತಣ್ಣನೆಯ ಹೊಗೆ ಎಂದು ಬೀಗುವುದು ಕೂಡ ಇನ್ನೂರು ಡಿಗ್ರಿಗೆ ಮೇಲೇ. ಅಮ್ಮನ ಒಲೆಗೆ ಕೊಳವೆಯೇ ಇರಲಿಲ್ಲ, ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಎರಡು ಕಡೆಯ ಸರಿಯಾದ ಮಾತನ್ನು ತಂದು ಮೂರನೆಯ ಕಡೆ ಹೇರಿದ್ದು ನನ್ನ ಜಾಣತನ. ಮುಚ್ಚಿದ ಮನೆ ಒಲೆಯಲ್ಲಿ, ಒಂದೇ ಪದರದ ಕೊಳವೆಯ ಹೊರಮೈ ಸುಮಾರು 120ರಿಂದ 245 ಡಿಗ್ರಿಯ ನಡುವೆ ಇರಬೇಕು. ಒಳಗಿನ ಹೊಗೆ ಅದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಿಸಿ. 120ಕ್ಕಿಂತ ಕೆಳಗೆ ಟಾರು ಕೂರುತ್ತದೆ. 245ಕ್ಕಿಂತ ಮೇಲೆ ಕೊಳವೆ ಸೋಲುತ್ತದೆ, ಹತ್ತಿರದ ಮರದ ಹಲಗೆ ಕಾದು ಹೊತ್ತಿಕೊಳ್ಳಬಹುದು. ಎಲ್ಲಿಂದ ಬೆಂಕಿ ಸುರಕ್ಷಿತವಾಗಿ ಶುರುವಾಗಬೇಕೋ ಅಲ್ಲಿ ನಾನು ಅದಕ್ಕೆ ಬೇಲಿ ಹಾಕಿದ್ದೆ.

ಮಾಡು ರಿಪೇರಿಯಾಯಿತು. ಸೀಲಿಂಗ್‌ನಿಂದ ಮೇಲಕ್ಕೆ ಬಿಸಿ ಹೊರಬಿಡದ ಎರಡು ಪದರದ ಕೊಳವೆ ಬಂತು. ವಿಷಾನಿಲ ಸೋರಿದರೆ ಕೂಗುವ ಅಲಾರಂ ಹಾಕಿಸಿದೆ. ಕಿಂಡಿ ಮುಚ್ಚಿ ರಾತ್ರಿಯೆಲ್ಲ ಹೊಗೆಯಾಡಿಸಿದ ಅಷ್ಟು ದಿನ ಆ ಅನಿಲ ಮನೆಯೊಳಗೆ ಬಾರದಿದ್ದದ್ದು ನಮ್ಮ ಪುಣ್ಯ. ಲೆಚ್ಚುಮಿ ಸೌದೆಯನ್ನು ಸಣ್ಣಗೆ ಸೀಳಿಸಿ, ತಗಡಿನ ಮಾಡಿನ ಕೆಳಗೆ, ಗಾಳಿಯಾಡುವಂತೆ ಅಟ್ಟಿ ಕಟ್ಟಿದಳು. ಏಪ್ರಿಲ್ 2024ರಲ್ಲಿ ಮೀಟರ್ 18 ತೋರಿಸಿತು.

ಅದೇ ವಾರ, ಬೆಳಗ್ಗೆ ಹತ್ತು ಗಂಟೆಗೆ ಮತ್ತೆ ಒಲೆ ಹಚ್ಚಿದೆವು. ಹೊಸ ಥರ್ಮಾಮೀಟರಿಗೆ ಈ ಸಲ ಎರಡು ಗೆರೆ, 120ಕ್ಕೊಂದು, 245ಕ್ಕೊಂದು. ಮುಳ್ಳು 100ಕ್ಕೆ ಬಂತು, 110 ದಾಟಿತು. ಲೆಚ್ಚುಮಿಯ ಕೈ ತಾನಾಗಿಯೇ ಕಿಂಡಿಯ ಹಿಡಿಗೆ ಹೋಯಿತು.

"ಅಕ್ಕಾ, ಗೆರೆ," ಎಂದಳು.

"ದಾಟಲಿ," ಎಂದೆ.

ದಾಟಿತು. 150. 180. ಅಲ್ಲಿ ನಿಂತಿತು. ಉರಿ ಹಳದಿಯಾಗಿ ಚುರುಕಾಗಿ ಕುಣಿಯುತ್ತಿತ್ತು. ಮೊದಲು ಹೊಗೆ ಹಿಡಿದಿದ್ದ ಗಾಜು ತಾನೇ ತಿಳಿಯಾಯಿತು. ಅಂಗಳಕ್ಕೆ ಹೋಗಿ ಚಿಮಣಿ ನೋಡಿದೆವು. ಹೊಗೆಯೇ ಕಾಣಿಸಲಿಲ್ಲ, ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು. ಲೆಚ್ಚುಮಿ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಶಾಂತಿ ಒಲೆಯ ಮೇಲೆ ಚಹಾಕ್ಕಿಟ್ಟಳು. ಆ ಚಹಾದಷ್ಟು ರುಚಿಯಾದದ್ದನ್ನು ನಾನು ಬೆಟ್ಟದ ಮೇಲೆ ಇನ್ನೆಲ್ಲೂ ಕುಡಿದಿಲ್ಲ.

ಈಗ ರಾತ್ರಿ ಕೆಂಡ ಮುಚ್ಚಿಡುವುದಿಲ್ಲ. ಬೆಂಕಿ ಉರಿದು ಮುಗಿಯುತ್ತದೆ, ಬೆಳಗ್ಗೆ ಹೊಸದಾಗಿ ಹೊತ್ತುತ್ತದೆ. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಆರು ತಿಂಗಳಿಗೊಮ್ಮೆ ಕೊಳವೆ ಉಜ್ಜಿಸುವ ಜವಾಬ್ದಾರಿ ಲೆಚ್ಚುಮಿಯದ್ದು. ಬೆಟ್ಟದ ಇನ್ನೆರಡು ಮನೆಯವರು ತಮ್ಮ ಒಲೆ ತೋರಿಸಲು ಅವಳನ್ನೇ ಕರೆಯುತ್ತಾರೆ.

ಇಪ್ಪತ್ತಾರು ವರ್ಷದಲ್ಲಿ ಕಲಿಯದ ಒಂದು ಪಾಠವನ್ನು ಈ ಕೆಲಸ ಕೊನೆಯ ವರ್ಷದಲ್ಲಿ ಕಲಿಸಿತು. ಬೆಂಕಿಗೆ ಹೆದರಿ ಅದನ್ನು ಕುಗ್ಗಿಸಿದರೆ ಅದು ಸುರಕ್ಷಿತವಾಗುವುದಿಲ್ಲ, ಅದಕ್ಕೆ ಬೇಕಾದಷ್ಟು ಬಿಸಿ ಕೊಡಬೇಕು. ಬೆಂಕಿಯ ಮುಂದೆ ದಿನವೂ ಕೂರುವವಳ ಮಾತಿಗೂ ಅಷ್ಟೇ ಜಾಗ ಕೊಡಬೇಕು. ಪಾಠ ಪೂರ್ತಿ ತಲೆಗೆ ಹೋಗಿದೆಯೇ ಎಂದು ನನಗೇ ಅನುಮಾನ. ನಿವೃತ್ತಿಯ ನಂತರವೂ ನಾಲಿಗೆಯ ಚಟ ಹೋಗಿಲ್ಲ. ಕಳೆದ ತಿಂಗಳು ಲೆಚ್ಚುಮಿ ಫೋನ್ ಮಾಡಿ, ಮಳೆಗಾಲ ಶುರುವಾದ ಮೇಲೆ ಕೊಳವೆ ಹೊಗೆಯನ್ನು ಮೇಲಕ್ಕೆ ಎಳೆಯುವುದು ಸ್ವಲ್ಪ ಕಡಿಮೆಯಾಗಿದೆ ಎಂದಳು. ಸೋಫಾದಲ್ಲಿ ಕುಳಿತಲ್ಲಿಂದಲೇ ನಾನು ಹೀಗೆ ಮಾಡು, ಹಾಗೆ ಮಾಡು ಎಂದು ಶುರು ಮಾಡಿದೆ.

"ಇಲ್ಲ ಅಕ್ಕಾ," ಎಂದು ಅವಳು ನಡುವೆಯೇ ತಡೆದಳು. "ಮೊದಲು ಬಂದು ನೋಡಿ. ಆಮೇಲೆ ಹೇಳಿ."

ಮಾರನೆಯ ದಿನದ ಬಸ್ಸಿಗೆ ಟಿಕೆಟ್ ತೆಗೆದೆ.